ಕೊನೇ ಭಾಗದ ತೂಬಿನಿಂದ

ಪ್ರೀತಿಯ ಮಗನಿಗೆ,

  ಮಂಡಿ ನೋವು ಹಾಗೇ ಇದೆ, ಆದರೂ ಗದ್ದೆಯ ಬದುವಿನವರೆಗೆ ನಡೆದು ಬರುತ್ತೇನೆ.

ನಿನ್ನ ಕಾಗದ ಓದಿ ಈ ಚಿಕ್ಕಮ್ಮನ ಕಣ್ಣು ತುಂಬಿತು. ಸಭೆಗೆ ಜನ ಹೆಚ್ಚಿದ್ದಾರೆ, ನಿನ್ನ ಪ್ರಸಂಗ ಕೇಳಲು ಪಕ್ಕದ ಊರುಗಳಿಂದಲೂ ಬರುತ್ತಾರೆ ಎಂದು ಬರೆದಿದ್ದೀಯ. ದೇವರಿಗೆ ಸ್ತೋತ್ರ. ನಿನ್ನ ಅಮ್ಮ ಇದ್ದಿದ್ದರೆ ಆ ಕಾಗದವನ್ನು ಕೇರಿಗೆಲ್ಲ ಓದಿ ಹೇಳುತ್ತಿದ್ದಳು. ಆದರೆ ಕಡೆಯಲ್ಲಿ ಬರೆದ ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಈಗ ಮೊದಲಿನಂತೆ ಶನಿವಾರ ರಾತ್ರಿಯೆಲ್ಲ ಪ್ರಾರ್ಥನೆಯಲ್ಲಿ ಕೂರಬೇಕಾಗಿಲ್ಲ, ನಿಂತುಕೊಂಡರೆ ಮಾತು ತಾನಾಗಿ ಬರುತ್ತದೆ ಎಂದಿದ್ದೀಯ. ಅದಕ್ಕೇ ಈ ಉತ್ತರ.

ನಾನು ದೇವಶಾಸ್ತ್ರ ಓದಿದವಳಲ್ಲ, ನೀನು ಓದಿದ್ದೀಯ. ನನಗೆ ಗೊತ್ತಿರುವುದು ಈ ನೆಲ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ನಮ್ಮಂಥವರನ್ನು ಕೊನೇ ಭಾಗದ ರೈತರು ಅನ್ನುತ್ತಾರೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ, ಪೇಪರಿನಲ್ಲಿ ಬಾಗಿನದ ಫೋಟೋ ಬಂದರೂ ನಮ್ಮ ತೂಬಿನಲ್ಲಿ ನೀರು ಕಾಣುವುದಕ್ಕೆ ಇನ್ನೂ ದಿನಗಳಿರುತ್ತವೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯ ಮೇಲೆ ಬಿಟ್ಟ ನೀರು ಹುಲಿಕೆರೆ ಸುರಂಗ ದಾಟಬೇಕು, ಮೇಲಿನವರ ಗದ್ದೆಗಳನ್ನೆಲ್ಲ ದಾಟಬೇಕು. ನಮ್ಮ ಪಾಲಿಗೆ ಬರುವುದು ಹೆಚ್ಚಾಗಿ ರಾತ್ರಿ ಹೊತ್ತು. ಟಾರ್ಚು ಹಿಡಿದು, ಟವೆಲ್ ತಲೆಗೆ ಸುತ್ತಿಕೊಂಡು ತೂಬಿನ ಹತ್ತಿರ ಕೂತಿರುತ್ತೇವೆ. ಮೊದಲು ಬರುವುದು ನೀರಲ್ಲ, ಕಸ. ಒಣಗಿದ ಎಲೆ, ಪ್ಲಾಸ್ಟಿಕ್ಕು, ಕಬ್ಬಿನ ತರಗು. ಅದರ ಹಿಂದೆ ಮಣ್ಣನ್ನು ತೋಯಿಸುತ್ತ ಬೆರಳಗಲದ ನೀರು. ಅದನ್ನು ಕಂಡಾಗ ನನ್ನ ಬಾಯಲ್ಲಿ ಸ್ತೋತ್ರವಲ್ಲದೆ ಬೇರೆ ಮಾತು ಬಂದದ್ದಿಲ್ಲ.

2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಬಂದ್ ಆಯಿತು, ಹೆದ್ದಾರಿಯಲ್ಲಿ ಜನ ಕೂತರು. ನಾವು ಭತ್ತದ ಆಸೆ ಬಿಟ್ಟು ರಾಗಿ ಚೆಲ್ಲಿದೆವು. ಮಾರನೆಯ ವರ್ಷ ಜುಲೈಯಲ್ಲೇ ತುಂಬಿತು. ಈ ಎರಡು ವರ್ಷಗಳ ನಡುವೆ ನಮ್ಮ ಗೆಯ್ಮೆಯೇನೂ ಬದಲಾಗಲಿಲ್ಲ. ಬದಲಾದದ್ದು ಕೊಡಗಿನ ಮಳೆ. ಅಲ್ಲಿ ಮಳೆ ಹೋದರೆ ಮೊದಲ ತೂಬಿನವನೂ ಒಂದೇ, ಕಡೇ ತೂಬಿನವನೂ ಒಂದೇ. ಮೊದಲ ತೂಬಿನವನಿಗೆ ಅದು ಮರೆತುಹೋಗುತ್ತದೆ, ನಮಗೆ ಮರೆಯಲು ಆಗುವುದಿಲ್ಲ. ಮಗ, ನೀನೀಗ ಮೊದಲ ತೂಬಿನ ಹತ್ತಿರ ಇದ್ದೀಯ. ನನ್ನ ಭಯ ಅಷ್ಟೇ.

ಧರ್ಮೋಪದೇಶಕಾಂಡದ ಎಂಟು ಮತ್ತು ಹನ್ನೊಂದನೆಯ ಅಧ್ಯಾಯಗಳನ್ನು ಒಟ್ಟಿಗೆ ಓದು. ಐಗುಪ್ತದಲ್ಲಿ ನೀವು ಸೊಪ್ಪಿನ ತೋಟಕ್ಕೆ ಹಾಯಿಸುವ ಹಾಗೆ ಕಾಲಿನಿಂದ ನೀರು ಹಾಯಿಸಿಕೊಂಡಿರಿ, ಈಗ ಹೋಗುವ ನಾಡು ಆಕಾಶದ ಮಳೆಯನ್ನೇ ನಂಬಿದ ಬೆಟ್ಟಗುಡ್ಡಗಳ ನಾಡು ಎಂದು ಮೋಶೆ ಜನಕ್ಕೆ ತಿಳಿಸುತ್ತಾನೆ. ನಮ್ಮ ರೈತರು ಕೇಳಿದರೆ ಐಗುಪ್ತವೇ ವಾಸಿ ಅಂದಾರು. ಆದರೆ ವಾಗ್ದತ್ತ ದೇಶ ಅದಲ್ಲ, ಇದು. ಕೈಯಲ್ಲಿ ಹಿಡಿತವಿಲ್ಲದ ನಾಡನ್ನೇ ದೇವರು ತನ್ನ ಮಕ್ಕಳಿಗೆ ಆರಿಸಿಕೊಟ್ಟನು. ಇನ್ನೂ ಒಂದು ನೋಡು. ಅರಣ್ಯದಲ್ಲಿ ಜನ ಬಾಯಾರಿದ್ದಕ್ಕಿಂತ ಹೆಚ್ಚಾಗಿ ಮೋಶೆ ಹೆದರಿದ್ದು ಅವರು ಹೊಟ್ಟೆ ತುಂಬ ಉಂಡು, ಒಳ್ಳೆಯ ಮನೆ ಕಟ್ಟಿಕೊಂಡು, ಇದೆಲ್ಲ ನನ್ನ ಕೈಯಿಂದಲೇ ಆಯಿತು ಅಂದುಕೊಳ್ಳುವ ದಿನಕ್ಕೆ. ಜನ ತುಂಬಿದ ಸಭೆಯೂ ಅಂಥ ಒಂದು ದಿನವೇ.

ಶ್ರೀರಂಗಪಟ್ಟಣದಲ್ಲಿ ಅಬ್ಬೆ ದುಬಾಯ್ ಅವರ ಚರ್ಚ್ ನೋಡಿದ್ದೀಯಲ್ಲ? ಅವರು ಕಥೋಲಿಕರು, ನಾವು ಸಿ.ಎಸ್.ಐ. ಅನ್ನಬೇಡ, ಕೇಳು. 1799ರಲ್ಲಿ ಟಿಪ್ಪು ಮಡಿದ ಮೇಲೆ ಚದುರಿದ್ದ ಕ್ರೈಸ್ತರನ್ನು ಕೂಡಿಸಲು ಬಂದ ಫ್ರಾನ್ಸಿನ ಪಾದ್ರಿ ಅವರು. ಇಲ್ಲಿನವರ ಹಾಗೆಯೇ ಉಟ್ಟರು, ಉಂಡರು. ದೊಡ್ಡ ಸ್ವಾಮಿಯವರು ಎಂದು ಜನ ಕರೆದರು. ಸಿಡುಬು ಮನೆಮನೆಯ ಮಕ್ಕಳನ್ನು ಒಯ್ಯುತ್ತಿದ್ದ ಕಾಲದಲ್ಲಿ, 1803–04ರಲ್ಲಿ, 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದರು. ಇಲ್ಲಿಗೆ ಬರುವ ಮೊದಲಿನ ವರ್ಷಗಳೂ ಸೇರಿ ಮೂವತ್ತು ವರ್ಷ ಇಂಡಿಯಾದಲ್ಲಿ ದುಡಿದು 1823ರಲ್ಲಿ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಹಿಂದೂಗಳ ನಡುವೆ ತಮ್ಮ ಸುವಾರ್ತೆಯ ಕೆಲಸ ಫಲಿಸಲಿಲ್ಲ, ಫಲಿಸುವಂತೆಯೂ ಕಾಣುವುದಿಲ್ಲ ಎಂದು ಬರೆದರು. ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇಷ್ಟು ಕಾಲದ ಮೇಲೂ ಈ ಜಿಲ್ಲೆಯಲ್ಲಿ ಭಾನುವಾರ ಗಂಟೆ ಬಾರಿಸುತ್ತಿದೆ. ಆದರೆ ದುಡಿದ ಮೇಲೆ ನನ್ನ ಕೈ ಬರಿದು ಎಂದು ಊರೆದುರು ಹೇಳಲು ಎಂಥ ಎದೆ ಬೇಕು! ನಿನ್ನ ಕಾಗದದಲ್ಲಿ ತಲೆಗಳ ಲೆಕ್ಕ ನೋಡಿದಾಗ ನನಗೆ ಅವರು ನೆನಪಾದರು. ಅವರಿಗೆ ಸೋಲಿನ ಲೆಕ್ಕ ತಪ್ಪಿತು. ಗೆಲುವಿನ ಲೆಕ್ಕವೂ ಹಾಗೆಯೇ ತಪ್ಪಬಹುದು. ನೆಟ್ಟವನಿಂದಲೂ ಆಗದು, ನೀರು ಹಾಯಿಸಿದವನಿಂದಲೂ ಆಗದು, ಬೆಳೆಸುವಾತನು ಬೇರೆ ಎಂದು ಪೌಲನು ಕೊರಿಂಥದವರಿಗೆ ತಿಳಿಸಿದ್ದು ನಿನಗೆ ನಾನು ಹೇಳಿಕೊಡಬೇಕೆ?

ದೇವರನ್ನು ನೆಚ್ಚುವುದೆಂದರೆ ಕೈಕಟ್ಟಿ ಕೂರುವುದಲ್ಲ. ನಾಲೆಗೆ ನೀರು ಬಿಡುವ ಮೊದಲು ನಾವು ಸನಿಕೆ ಹಿಡಿದು ಕಾಲುವೆಯ ಹೂಳು ತೆಗೆಯುತ್ತೇವೆ. ಜೊಂಡು ಬೇರುಬಿಟ್ಟಿರುತ್ತದೆ, ಕಿತ್ತು ಕಿತ್ತು ಅಂಗೈ ಬೊಬ್ಬೆ ಬರುತ್ತದೆ. ಹೂಳು ತೆಗೆದದ್ದಕ್ಕೆ ನೀರು ಬರುವುದಿಲ್ಲ. ತೆಗೆಯದಿದ್ದರೆ ಬಂದ ನೀರು ಗದ್ದೆಗೆ ಹತ್ತುವುದಿಲ್ಲ. ನಿನ್ನ ಓದು, ನಿನ್ನ ತಯಾರಿ ಇಷ್ಟು ಮಾತ್ರ. ಅದನ್ನು ಬಿಡಬೇಡ, ಅದನ್ನೇ ನೀರು ಅಂತಲೂ ತಿಳಿಯಬೇಡ.

ಇನ್ನೊಂದು ಮಾತು ಬಹಳ ಎಚ್ಚರದಿಂದ ಕೇಳು. ದೀನತೆಯ ಮೇಲೆ ಪ್ರಸಂಗ ಮಾಡುವಾಗ ಎದುರಿಗೆ ಕೂತವರು ಯಾರು ಎಂದು ನೋಡು. ನಮ್ಮ ಸಭೆಗಳಲ್ಲಿ ಎಷ್ಟೋ ಮನೆತನಗಳು ಊರ ಹೊರಗಿನ ಕೇರಿಯಿಂದ ಬಂದವು. ಅವರ ಅಜ್ಜಂದಿರು ಜಗುಲಿಯ ಕೆಳಗೆ ಕೈಮುಗಿದು ನಿಂತು, ಎತ್ತರದಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದವರು. ಅವರಿಗೆ ಇನ್ನೂ ತಗ್ಗಿ ಎಂದು ಹೇಳುವುದು ಸುವಾರ್ತೆಯಲ್ಲ. ದೇವರೆದುರು ಮೊಣಕಾಲೂರಿದವನು ಯಾವ ಮನುಷ್ಯನ ಎದುರೂ ಕುಗ್ಗಬೇಕಾಗಿಲ್ಲ ಎಂದು ಅವರಿಗೆ ಹೇಳು. ತಗ್ಗುವ ಮಾತನ್ನು ಮುಂದಿನ ಬೆಂಚಿನವರಿಗೆ ಹೇಳು, ನಿನಗೆ ಹೇಳಿಕೋ. ಶಿಷ್ಯರ ಕಾಲು ತೊಳೆಯಲು ಬಟ್ಟಲಿಗೆ ನೀರು ಹೊಯ್ದುಕೊಂಡ ಯೇಸು ಆ ಕೋಣೆಯಲ್ಲಿ ಎಲ್ಲರಿಗಿಂತ ದೊಡ್ಡವನೇ ಆಗಿದ್ದನು. ಹಾಗಂತ ಮಾತುಮಾತಿಗೆ ನಾನು ಪಾಪಿ, ನಾನು ಧೂಳು ಎನ್ನುತ್ತ ನಿಲ್ಲಬೇಡ. ಅದನ್ನು ಕೇಳಿದವರು ಅಯ್ಯನವರು ಎಷ್ಟು ದೀನರು ಎಂದು ಹೊಗಳುತ್ತಾರೆ, ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೀಯ.

ನಾನು ನಿನಗಾಗಿ ದಿನಾ ಪ್ರಾರ್ಥಿಸುತ್ತೇನೆ. ಅದು ಸಾಲದು. ನಿನ್ನ ಸಭೆಯಲ್ಲಿ ಗೋಡೆಗೆ ಒರಗಿ ಕೂರುವ, ಓದಲು ಬಾರದ ಒಬ್ಬ ಮುದುಕಿ ಇದ್ದಾಳೆ, ಪ್ರತಿ ಭಾನುವಾರ ಮೊದಲು ಬರುವವಳು ಅವಳೇ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಬರುವ ಶನಿವಾರ ಅವಳ ಮನೆಗೆ ಹೋಗು. ಅಮ್ಮ, ನಾಳೆ ನನಗೆ ಮಾತು ಬೇಕು, ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸು ಎಂದು ಕೇಳು. ಕೇಳಿದ ಮೇಲೆ ನನಗೆ ಕಾಗದ ಬರಿ.

ಇತಿ ನಿನ್ನ
ಚಿಕ್ಕಮ್ಮ