ಥ್ಯಾಕರೆ ಸಾಹೇಬನೂ ನಮ್ಮ ಗುಡಿಸಲೂ



ನಮ್ಮ ಚಿಲಮತ್ತೂರಿನ ಮನೆಯಲ್ಲಿ ಮಾತು ಕನ್ನಡ, ಬೀದಿಗೆ ಬಂದರೆ ತೆಲುಗು. ನಮ್ಮ ಇಂಟಿಪೇರೂ ತೆಲುಗಿನದೇ: ‘ಗುಡಿಸೆ’. ಅಂದರೆ ಗುಡಿಸಲು. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು ಕೇಳುತ್ತಿತ್ತು. ಜ್ಞಾನಸ್ನಾನದ ಹೆಸರು ಹೇಳಿಕೊಳ್ಳಲು ನನಗೆ ಖುಷಿ. ಇಂಟಿಪೇರು ಹೇಳಲು ನಾಚಿಕೆ. ಕಾಲೇಜಿಗೆ ಅರ್ಜಿ ಹಾಕುವ ಮುಂಚೆ ಹೆಸರು ಬದಲಾಯಿಸಲು ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸಿಕೊಂಡೂ ಬಂದೆ.

ಅಜ್ಜಿಗೆ ವಿಷಯ ಗೊತ್ತಾಯಿತು. ಬೈಯಲಿಲ್ಲ. “ನಿಮ್ಮ ತಾತನ ಸಮಾಧಿ ಮೇಲೆ ಅದೇ ಹೆಸರು ಐತಲ್ಲ ಮಗಾ, ಅದನ್ನೂ ಅಳಿಸ್ತೀಯಾ?” ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ದಿನಗಳಲ್ಲೇ ನಾನು ಕಿತ್ತೂರು ಚೆನ್ನಮ್ಮನ ಬಗ್ಗೆ ಭಾಷಣಕ್ಕೆ ತಯಾರಾಗುತ್ತಿದ್ದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರ್ ಥ್ಯಾಕರೆ ನಮಗೆಲ್ಲ ಗೊತ್ತು. ಆದರೆ ಅವನ ಅಣ್ಣ ವಿಲಿಯಂ ನಮ್ಮ ಸೀಮೆಯಲ್ಲೇ ಕೆಲಸ ಮಾಡಿದವನು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದ ದತ್ತ ಮಂಡಲಗಳಲ್ಲಿ, ಅಂದರೆ ಅನಂತಪುರ, ಬಳ್ಳಾರಿ, ಕಡಪ ಕಡೆ, ಥಾಮಸ್ ಮನ್ರೋ ಕೈಕೆಳಗೆ ಅಧಿಕಾರಿಯಾಗಿದ್ದ. 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಪ್ರಸಿದ್ಧ ಕಾದಂಬರಿಕಾರ ಥ್ಯಾಕರೆ ಇವರ ಅಣ್ಣತಮ್ಮಂದಿರಲ್ಲೊಬ್ಬನ ಮಗ. ಎಂಥಾ ದೊಡ್ಡ ಮನೆತನ! ಹೆಸರಿನಲ್ಲೇ ಗತ್ತಿದೆ ಅಂದುಕೊಂಡು ಅದರ ಅರ್ಥ ಹುಡುಕಿದೆ.

ಸಿಕ್ಕಿದ್ದೇನು ಗೊತ್ತೇ? ಒಂಬತ್ತನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗುಗಳಲ್ಲಿ ಬಂದ ವೈಕಿಂಗರು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನೆಲೆ ನಿಂತರು. ಅವರ ನಾರ್ಸ್ ಭಾಷೆಯಲ್ಲಿ ‘ಥಾಕ್’ ಎಂದರೆ ಸೂರಿಗೆ ಹೊದಿಸುವ ಹುಲ್ಲು, ಜೊಂಡು. ‘ರಾ’ ಎಂದರೆ ಮೂಲೆ. ಜೊಂಡು ಬೆಳೆಯುವ ಒಂದು ಮೂಲೆಗೆ ‘ಥ್ಯಾಕ್‌ರೇ’ ಎಂದು ಹೆಸರಾಯಿತು. ಅಲ್ಲಿಂದ ಬಂದವರನ್ನು ಜನ ಅದೇ ಹೆಸರಿನಿಂದ ಕರೆದರು. ಆ ಜಾಗ ಈಗ ಫ್ಯೂಸ್ಟನ್ ಜಲಾಶಯದ ನೀರಿನಡಿ ಮುಳುಗಿದೆ. ಹೆಸರು ಮಾತ್ರ ಉಳಿದಿದೆ.

ಸಾಹೇಬನ ಹೆಸರಲ್ಲೂ ಇರುವುದು ಗುಡಿಸಲಿನ ಹುಲ್ಲೇ! ಇನ್ನೊಂದು ಇಂಗ್ಲಿಷ್ ಹೆಸರು ‘ಕರ್ಬಿ’. ಅದೂ ನಾರ್ಸ್ ಮೂಲದ್ದೇ, ‘ಚರ್ಚ್ ಇರುವ ಊರು’ ಎಂದರ್ಥ. ನಮ್ಮ ಹಳ್ಳಿ, ಪಲ್ಲಿಗಳ ಹಾಗೆ ಅವರ ‘ಬಿ’. ಎಲ್ಲ ಕಡೆಯೂ ಜನ ತಾವು ಬಾಳಿದ ಮನೆ, ಊರು, ಹೊಲಗಳನ್ನೇ ಹೆಸರಾಗಿ ಹೊತ್ತುಕೊಂಡು ಹೋದವರು. ನಮ್ಮ ಪ್ರಭುವನ್ನೂ ‘ನಜರೇತಿನವನು’ ಎಂದೇ ಕರೆದರಲ್ಲವೇ? ಆ ಊರಿನ ಹೆಸರು ಕೇಳಿಯೂ ಜನ ಮೂಗು ಮುರಿದಿದ್ದರು.

ಅರ್ಜಿಯಲ್ಲಿ ‘ಗುಡಿಸೆ’ ಎಂದೇ ಬರೆದೆ. ನವೆಂಬರ್ 2ರಂದು ಅಜ್ಜಿಯ ಜೊತೆ ಹೋಗಿ ತಾತನ ಸಮಾಧಿಯ ಹುಲ್ಲು ಕಿತ್ತು, ಮಸುಕಾಗಿದ್ದ ಅಕ್ಷರಗಳಿಗೆ ಹೊಸ ಬಣ್ಣ ಹಚ್ಚಿ ಬಂದೆ.

ನಿಮ್ಮ ಮನೆಯ ಹೆಸರಿಗೆ ಏನರ್ಥ? ಇವತ್ತು ರಾತ್ರಿ ಊಟಕ್ಕೆ ಕೂತಾಗ ಹಿರಿಯರನ್ನು ಕೇಳಿ ನೋಡಿ.