ಅನಿವಾರ್ಯವಾದ ಕೆಡುಕು ಯಾವ ಖಾತೆಗೆ?

‘ಕೆಡುಕು ಹೌದು, ಆದರೆ ಅನಿವಾರ್ಯ’ ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಯುದ್ಧ, ಸಾಲ, ಬೆಳೆಗೆ ಸಿಂಪಡಿಸುವ ಔಷಧ ಮೊದಲಾದ ಎಷ್ಟೋ ವಿಷಯಗಳು ಈ ಒಂದು ಮಾತಿನ ಆಶ್ರಯದಲ್ಲಿ ಬಾಳುತ್ತಿವೆ. ಆದರೆ ಈ ಮಾತಿನ ಬಳಕೆ ಎಲ್ಲೆಡೆಯೂ ಒಂದೇ ಬಗೆಯದಲ್ಲ. 1776ರಲ್ಲಿ ಥಾಮಸ್ ಪೇನ್ ಎಂಬಾತನು ತನ್ನ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆಯಲ್ಲಿ ಸರ್ಕಾರವನ್ನೇ ಅನಿವಾರ್ಯವಾದ ಕೆಡುಕೆಂದು ಕರೆದನು. ಅಧಿಕಾರಕ್ಕೆ ಮಿತಿಯಿರಬೇಕೆಂಬುದು ಅವನ ಆಶಯವಾಗಿತ್ತು. ನಾವಾದರೋ ಬಹುಮಟ್ಟಿಗೆ ಇರುವ ಮಿತಿಯನ್ನು ಸಡಿಲಿಸಿಕೊಳ್ಳುವುದಕ್ಕಾಗಿಯೇ ಆ ಮಾತನ್ನು ಬಳಸುತ್ತೇವೆ.

ಗೃಹಸ್ಥನಿಗೆ ಸಂಬಂಧಿಸಿದ ಹಿಂಸೆಯನ್ನು ನಮ್ಮಲ್ಲಿ ನಾಲ್ಕು ವಿಧವಾಗಿ ವಿಂಗಡಿಸುವ ಕ್ರಮವುಂಟು. ಕೊಲ್ಲುವ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ. ಅಡುಗೆ, ಗುಡಿಸುವಿಕೆಗಳಂತಹ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ. ಕೃಷಿ, ವಾಣಿಜ್ಯಗಳಲ್ಲಿ ಸಂಭವಿಸುವುದು ಉದ್ಯೋಗೀ. ಆತ್ಮರಕ್ಷಣೆ, ದೇಶರಕ್ಷಣೆಗಳಲ್ಲಿ ಒದಗುವುದು ವಿರೋಧೀ. ಶ್ರಾವಕನು ಮೊದಲನೆಯದನ್ನು ಪೂರ್ಣವಾಗಿ ತೊರೆಯಬೇಕು. ಉಳಿದವುಗಳನ್ನು ಯತ್ನಾಚಾರದಿಂದ ಕುಗ್ಗಿಸುತ್ತ ಹೋಗಬೇಕು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಿಡಲಾಗದ ಆ ಮೂರಕ್ಕೂ ‘ಹಿಂಸೆ’ ಎಂಬ ಹೆಸರನ್ನೇ ಉಳಿಸಲಾಗಿದೆ. ಅನಿವಾರ್ಯವೆಂಬ ಕಾರಣಕ್ಕೆ ಅದು ಅಹಿಂಸೆಯಾಗಲಿಲ್ಲ.

ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ರಣರಂಗವನ್ನು ಬಲ್ಲವನು. ಅಂತಹವನು ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಗೆಲುವಿನ ಕ್ಷಣದಲ್ಲಿಯೇ ರಾಜ್ಯವನ್ನು ತೊರೆದ ಬಾಹುಬಲಿಯ ಮೂರ್ತಿಯನ್ನು. ಯುದ್ಧದ ಅಗತ್ಯವನ್ನು ಬಲ್ಲವನೂ ಅದನ್ನು ಆದರ್ಶವನ್ನಾಗಿ ಕಡೆಸಲಿಲ್ಲ.

ನನ್ನದು ಕಾಳುಕಡಿಯ ವ್ಯಾಪಾರ. ದಾಸ್ತಾನಿನ ತೊಗರಿ, ಕಡಲೆಗೆ ಹುಳು ಬಿದ್ದರೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನಿಟ್ಟು ಮೂಟೆಗಳನ್ನು ಗಾಳಿಯಾಡದಂತೆ ಮುಚ್ಚುವುದು ವಾಡಿಕೆ. ಗಾಳಿಯ ತೇವ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಹುಳುಗಳಿಗಷ್ಟೇ ಅಲ್ಲ, ಮನುಷ್ಯನಿಗೂ ಅದು ಮಾರಕ. ಹುಳು ಸಾಯಲೆಂದೇ ಮಾಡುವ ಈ ಕೆಲಸವನ್ನು ಉದ್ಯೋಗೀ ಹಿಂಸೆ ಎಂದು ಕರೆದು ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಹುಳು ಬಿದ್ದ ಮೇಲೆ ಬೇರೆ ದಾರಿಯಿಲ್ಲ ಎನ್ನುವುದು ನಿಜವಿರಬಹುದು. ಆದರೆ ಹುಳು ಬೀಳುವುದಕ್ಕೆ ಮುಂಚೆ ದಾರಿಗಳಿದ್ದವಷ್ಟೆ? ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಬಹುದಿತ್ತು, ಗೋದಾಮನ್ನು ಶುಚಿಯಾಗಿಡಬಹುದಿತ್ತು, ಮೂಟೆಗಳನ್ನು ನೆಲದ ತೇವಕ್ಕೆ ತಾಗದಂತೆ ಹಲಗೆಗಳ ಮೇಲೆ ಒಟ್ಟಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಬೆಲೆ ಏರಲೆಂದು ಮಳೆಗಾಲ ದಾಟುವವರೆಗೆ ಮಾಲನ್ನು ಹಿಡಿದಿಡುವುದು ಅನಿವಾರ್ಯವಾಗಿತ್ತೆ? ವಿಷದ ಅನಿವಾರ್ಯತೆಯ ಹಿಂದೆ ಎಷ್ಟೋ ಸಲ ಪರಿಗ್ರಹವೇ ಅಡಗಿರುತ್ತದೆ. ಆದಕಾರಣ ಮುಂಗಾರಿಗೆ ಮೊದಲೇ ದಾಸ್ತಾನನ್ನು ಇಳಿಸುವ ಪದ್ಧತಿಯನ್ನು ನಾನು ಇರಿಸಿಕೊಂಡಿದ್ದೇನೆ. ಇದರಿಂದ ಕೆಲವು ವರ್ಷ ಲಾಭ ತಗ್ಗಿದ್ದುಂಟು.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು ಇದು: ಖರ್ಚು ಎಷ್ಟೇ ಅನಿವಾರ್ಯವಾಗಿರಲಿ, ಅದು ಖರ್ಚೇ. ಅದನ್ನು ಆಸ್ತಿಯೆಂದು ತೋರಿಸುವುದು ಸುಳ್ಳು ಲೆಕ್ಕ. ಹಿಂಸೆಯ ವಿಷಯದಲ್ಲಿಯೂ ಇದೇ ನಿಯಮ. ಅನಿವಾರ್ಯವೆನ್ನುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ಅಗತ್ಯವನ್ನು ಹುಟ್ಟಿಸಿದವರು ಯಾರು? ನೋವನ್ನು ಉಣ್ಣುವವರು ಯಾರು, ಲಾಭ ಪಡೆಯುವವರು ಯಾರು? ಹೋದ ವರ್ಷಕ್ಕಿಂತ ಈ ವರ್ಷ ಅದು ಕಡಿಮೆಯಾಗಿದೆಯೇ?

ಬಸದಿಗಳ ಆಡಳಿತ ಮಂಡಳಿಯವರೂ ಹೀಗೆ ಯೋಚಿಸಲೆಂದು ವಿನಂತಿಸುತ್ತೇನೆ. ಮಳೆಗಾಲದ ರಾತ್ರಿಗಳಲ್ಲಿ ಪ್ರಖರವಾದ ವಿದ್ಯುದ್ದೀಪಗಳಿಗೆ ಮುತ್ತಿ ಬೆಳಗಾಗುವಷ್ಟರಲ್ಲಿ ಸತ್ತು ಬೀಳುವ ಕೀಟಗಳನ್ನು ಅಂಗಳ ಗುಡಿಸುವವರು ಬಲ್ಲರು. ದಾರಿಗೆ ಬೇಕಾದ ಬೆಳಕು ಅಗತ್ಯ. ಅಲಂಕಾರದ ಬೆಳಕು ಅಗತ್ಯವೇ? ಪ್ರತಿಕ್ರಮಣವೆಂದರೆ ಆತ್ಮನ ದಿನವಹಿ ಲೆಕ್ಕವಷ್ಟೆ. ಅದರಲ್ಲಿ ಅನಿವಾರ್ಯ ಹಿಂಸೆಯನ್ನೂ ಖರ್ಚಿನ ಕಡೆಗೇ ಬರೆಯೋಣ. ಬರೆದಿಟ್ಟ ಖರ್ಚನ್ನು ಎಂದಾದರೊಮ್ಮೆ ಕಡಿಮೆ ಮಾಡಬೇಕೆನಿಸೀತು. ಬರೆಯದೆ ಬಿಟ್ಟದ್ದು ಬೆಳೆಯುತ್ತಲೇ ಹೋಗುತ್ತದೆ.