ಮರ ಕಡಿದವರು ಯಾರು?

ಪರಂಬಿಕುಳಂಗೆ ನಾವು ಹೋಗಿದ್ದು ಹುಲಿ ನೋಡಲಿಕ್ಕೆ. ಹುಲಿ ಸಿಗಲಿಲ್ಲ. ಸಿಕ್ಕಿದ್ದು ಪೊದೆಗಳ ನಡುವೆ ಗುಡ್ಡದ ಅಂಚು ಹಿಡಿದು ಸಾಗಿದ್ದ ಒಂದು ಸಮತಟ್ಟು ದಾರಿ. ‘ಇಲ್ಲಿ ರೈಲು ಓಡ್ತಿತ್ತು’ ಅಂದರು ಗೈಡ್ ಅಣ್ಣ, ತಮಿಳಿನಲ್ಲಿ. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆವು.

ತಮಾಷೆಯಲ್ಲ. ತೇಗ, ಬೀಟೆ ಸಾಗಿಸಲಿಕ್ಕೆಂದೇ ಕೊಚ್ಚಿ ಸಂಸ್ಥಾನ ಇಲ್ಲಿಂದ ಚಾಲಕುಡಿಯವರೆಗೆ ಸುಮಾರು 80 ಕಿಲೋಮೀಟರ್ ಹಳಿ ಹಾಕಿಸಿತ್ತು. 1907ರಲ್ಲಿ ಶುರುವಾದ ಈ ಟ್ರಾಮ್‌ವೇ 1963ರಲ್ಲಿ ನಿಂತಿತು. ಚಾಲಕುಡಿಗೆ ಅಷ್ಟರಲ್ಲಾಗಲೇ ಶೋರನೂರು–ಎರ್ನಾಕುಳಂ ರೈಲು ಬಂದಿತ್ತು. ಅಲ್ಲಿಯತನಕ ದಿಮ್ಮಿ ಇಳಿಸಿದರೆ ಮುಂದಿನ ದಾರಿ ಸಲೀಸು.

ಇಳಿಸಿದ ಬಗೆ ನಮಗೆ ಬಹಳ ಹಿಡಿಸಿತು. ಸಮ ನೆಲದಲ್ಲಿ ಜರ್ಮನಿಯಿಂದ ತರಿಸಿದ ಉಗಿ ಎಂಜಿನ್‌ಗಳು ಎಳೆಯುತ್ತಿದ್ದವು. ಕಡಿದಾದ ಇಳಿಜಾರಿನಲ್ಲಿ ಎಂಜಿನ್ನೇ ಬೇಡ. ಮೇಲೊಂದು ದೊಡ್ಡ ಚಕ್ರ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಒಂದು ತುದಿಗೆ ದಿಮ್ಮಿ ತುಂಬಿದ ಗಾಡಿ, ಇನ್ನೊಂದು ತುದಿಗೆ ಖಾಲಿ ಗಾಡಿ. ತುಂಬಿದ್ದು ತನ್ನ ಭಾರಕ್ಕೆ ಕೆಳಗಿಳಿಯುತ್ತಾ ಖಾಲಿಯದನ್ನು ಮೇಲಕ್ಕೆಳೆಯುತ್ತಿತ್ತು. ಬ್ರೇಕ್ ಹಿಡಿದವರು ಎಚ್ಚರವಾಗಿದ್ದರೆ ಸಾಕು. ಬಾವಿಯ ರಾಟೆ ನೋಡಿ ಬೆಳೆದ ನಮಗೆ ವಿವರಿಸುವುದೇನೂ ಬೇಕಿರಲಿಲ್ಲ.

ರಾತ್ರಿಯೇ ಲೇಖನ ಬರೆದೆವು. ಬೆಳಿಗ್ಗೆ ಅಣ್ಣನಿಗೆ ಅರ್ಥ ಹೇಳುತ್ತಾ ಓದಿದೆವು. ಪೂರ್ತಿ ಕೇಳಿ, ‘ಮರ ಕಡಿದವರು ಯಾರು ಅಂತ ಬರೆದಿಲ್ವಲ್ಲ?’ ಅಂದರು.

ಬರೆದಿರಲಿಲ್ಲ. ಮಹಾರಾಜರಿದ್ದರು, ಎಂಜಿನಿಯರುಗಳಿದ್ದರು, ದಿಮ್ಮಿ ಎಳೆದು ತಂದ ಆನೆಗಳೂ ಇದ್ದವು. ಕೊಡಲಿ ಹಿಡಿದವರಿಗಾಗಲಿ, ಆ ಕಾಡಿನಲ್ಲೇ ಮನೆ ಮಾಡಿಕೊಂಡಿದ್ದ ಕಾಡರಿಗಾಗಲಿ ನಮ್ಮಿಂದ ಒಂದು ಸಾಲೂ ಸಿಕ್ಕಿರಲಿಲ್ಲ. ಮೂರು ವರ್ಷ ಗ್ರಾಮೀಣ ಪತ್ರಿಕೋದ್ಯಮ ಓದಿದವರು ನಾವು! ಹಿಂದಿನ ದಿನ ಜೀಪಿನಿಂದ ‘ಎಂಥಾ ಕಾಡು’ ಎಂದು ಫೋಟೊ ತೆಗೆದದ್ದರಲ್ಲಿ ಬಹುಪಾಲು ಕಾಡೇ ಅಲ್ಲ, ಸಹಜ ಕಾಡು ಕಡಿದ ಜಾಗದಲ್ಲಿ 1921ರಿಂದ ನೆಡುತ್ತಾ ಬಂದ ತೇಗದ ತೋಪು ಅನ್ನುವುದನ್ನೂ ಅವರೇ ಹೇಳಬೇಕಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಭದ್ರಾವತಿಯ ಗೆಳತಿ ಮಾತಾಡಲೇ ಇಲ್ಲ. ಪಾಲಕ್ಕಾಡ್ ದಾಟಿದ ಮೇಲೆ ಬಾಯಿಬಿಟ್ಟಳು. ಅವಳೂರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಅಲ್ಲಿಯೂ ಸೌದೆ ಹೊರಲು ಕಾಡಿನೊಳಗೆ ಸಣ್ಣ ಹಳಿಗಳಿದ್ದವು. ‘ಟ್ರಾಮ್ ಲೈನ್ ಅಂತ ಅಜ್ಜಿ ಯಾವಾಗ್ಲೂ ಹೇಳ್ತಿರ್ತಾರೆ. ಅಲ್ಲಿ ಏನು ಕೆಲಸ ಮಾಡ್ತಿದ್ರಿ ಅಂತ ನಾನು ಕೇಳಿಯೇ ಇಲ್ಲ.’

ಅಜ್ಜಿಗೆ ಈಗ ಕಿವಿ ಸ್ವಲ್ಪ ಮಂದ. ಬರುವ ಭಾನುವಾರ ಭದ್ರಾವತಿಗೆ ಹೊರಟಿದ್ದೇವೆ.